ಮಾಳಿಗೆಯ ಮೇಲಿನ ಪಥ್ಯ

ಟಿ.ವಿ. ರಿಪೇರಿಯವನ ಮುಂದೆ ಜನ ಏನನ್ನೂ ಮುಚ್ಚಿಡುವುದಿಲ್ಲ. ಪೆಟ್ಟಿಗೆ ಬಿಚ್ಚಿ ಕೂತವನಿಗೂ ಕಿವಿ ಇರುತ್ತದೆ ಎಂಬುದನ್ನೇ ಮರೆತುಬಿಡುತ್ತಾರೆ. ಎಂಬತ್ತರ ದಶಕದಲ್ಲಿ ಬಳ್ಳಾರಿ ಸೀಮೆಯ ಮಾಳಿಗೆಗಳಿಗೆ ಆಂಟೆನಾ ಏರಿಸುವುದೇ ನನ್ನ ಕೆಲಸ. ಆಗ ವಾರಕ್ಕೊಮ್ಮೆ ಸಂಜೆ ಒಬ್ಬ ಡಾಕ್ಟರು ಟಿ.ವಿ.ಯಲ್ಲಿ ಬಂದು ಎಣ್ಣೆ ಬಿಡಿ, ಸಿಹಿ ಬಿಡಿ ಎಂದು ಬುದ್ಧಿ ಹೇಳುತ್ತಿದ್ದರು. ನಮ್ಮ ಜನ ಆ ಬುದ್ಧಿಯನ್ನು ಹೇಗೆ ಅರಗಿಸಿಕೊಂಡರು ಎಂಬುದಕ್ಕೆ ನಾನೇ ಸಾಕ್ಷಿ.

೧. ಬ್ರೂಸ್‌ಪೇಟೆಯ ಬಜ್ಜಿ

ಓಣಿಗೆಲ್ಲ ಒಂದೇ ಟಿ.ವಿ. ಇದ್ದ ಮನೆ. ಡಾಕ್ಟರ ಮಾತು ಕೇಳಲು ಪಡಸಾಲೆ ತುಂಬ ಜನ. ಬಂದವರನ್ನು ಬರೀ ಬಾಯಲ್ಲಿ ಕೂರಿಸುವುದು ನಮ್ಮ ಕಡೆ ಪದ್ಧತಿಯಲ್ಲ. ಮನೆಯಾಕೆ ಮಂಡಕ್ಕಿ ಒಗ್ಗರಣೆ, ಪರಾತದ ತುಂಬ ಮೆಣಸಿನಕಾಯಿ ಬಜ್ಜಿ ತಂದಿಟ್ಟರು.

"ಕರಿದ ತಿಂಡಿ ಮುಟ್ಟಲೇಬೇಡಿ," ಅಂದರು ಡಾಕ್ಟರು.

"ಖರೇ ಮಾತ್ರೀ," ಎಂದು ಎಲ್ಲರೂ ಬಜ್ಜಿ ಕಡಿಯುತ್ತಲೇ ತಲೆದೂಗಿದರು.

ಮನೆಯಾಕೆಗೆ ಗಾಬರಿ. "ಬಿಸಿ ಐತಿ, ಮೊದ್ಲು ತಿನ್ರಿ. ಬಿಡೋದು ನಾಳಿಂದ ಬಿಡ್ರಂತ!"

೨. ಕುರುಗೋಡಿನ ಅಜ್ಜಿ

ಕುರುಗೋಡಿನ ಒಂದು ಮನೆಯಲ್ಲಿ ಟಿ.ವಿ.ಯ ಧ್ವನಿ ಸರಿ ಮಾಡಿ ಎದ್ದೆ. ಪರದೆಯ ಮೇಲಿನ ಡಾಕ್ಟರು ಕಡ್ಡಿಯಂಥ ಮನುಷ್ಯ. ಅಜ್ಜಿ ಅವರನ್ನೇ ನೋಡಿ ನಿಟ್ಟುಸಿರು ಬಿಟ್ಟಳು.

"ಯಪ್ಪಾ, ಈತಗ ಲಗ್ನ ಆಗಿಲ್ಲೇನು?"

"ಯಾಕಜ್ಜಿ?"

"ಎಲ್ಲಾದಕ್ಕೂ ಬ್ಯಾಡ ಬ್ಯಾಡ ಅಂತಾನ. ಮನ್ಯಾಗ ರುಚಿಯಾಗಿ ಮಾಡಿ ಹಾಕೋರಿದ್ರ ಹಿಂಗ ಮಾತಾಡ್ತಿದ್ದಿಲ್ಲ, ಪಾಪ."

೩. ಸಿರುಗುಪ್ಪದ ಆಂಟೆನಾ

ಸಿರುಗುಪ್ಪದ ಅಕ್ಕಿ ಗಿರಣಿ ಸಾವ್ಕಾರರಿಗೆ ಸಕ್ಕರೆ ಕಾಯಿಲೆ. ಸಿಹಿ ಬಿಡದಿದ್ದರೆ ಕಣ್ಣು ಹೋಗುತ್ತದೆ ಎಂದು ಊರಿನ ಡಾಕ್ಟರು ಹೆದರಿಸಿದ್ದರು. ಟಿ.ವಿ. ಡಾಕ್ಟರ ಮಾತಾದರೂ ಕೇಳಲಿ ಎಂದು ಹೆಂಡತಿ ಹಟ ಹಿಡಿದು ಟಿ.ವಿ. ತರಿಸಿದ್ದರು. ಆದರೆ ಪ್ರತಿವಾರ ಸರಿಯಾಗಿ ಆ ಡಾಕ್ಟರು ಬರುವ ಹೊತ್ತಿಗೇ ಚಿತ್ರ ಕೆಡುತ್ತಿತ್ತಂತೆ. ಕುಡಿಯುವ ನೀರಿಗೂ ಆಳನ್ನು ಕೂಗುವ ಸಾವ್ಕಾರರು ಆಗ ಮಾತ್ರ ತಾವೇ ಮಾಳಿಗೆ ಹತ್ತುತ್ತಿದ್ದರಂತೆ. ಆಂಟೆನಾ ಹಾಕಿದವನು ನಾನು. ನನ್ನ ಹೆಸರು ಕೆಡಬಾರದೆಂದು ಕರೆಯದಿದ್ದರೂ ಹೋದೆ, ಅವರ ಹಿಂದೆಯೇ ಮಾಳಿಗೆ ಹತ್ತಿದೆ.

ಸಾವ್ಕಾರರು ಆಂಟೆನಾ ಕಂಬಕ್ಕೆ ಒರಗಿ ಕೂತಿದ್ದರು. ತೊಡೆಯ ಮೇಲೆ ಉಂಡೆಯ ಡಬ್ಬಿ. ನನ್ನನ್ನು ಕಂಡವರೇ ಒಂದು ಉಂಡೆ ನನ್ನ ಕೈಗಿಟ್ಟರು.

"ಕೆಳಗ ಹೇಳಬ್ಯಾಡಪ್ಪ. ಅಂಗಡಿಯಿಂದ ಕದ್ದು ತರಿಸೀನಿ. ಆ ಅಂಗಡ್ಯಾವ ಈಗೀಗ ಕಹಿ ಉಂಡಿ ಕಟ್ಟಾಕತ್ಯಾನ. ಮನ್ಯಾಗ ಬಾಯಿ ಬಿಡೂಹಂಗಿಲ್ಲ!"

ಕಡಿದೆ. ಬಾಯಿ ತುಂಬ ಮೆಂತ್ಯ! ಸಾವ್ಕಾರರು ಓರೆ ಮಾಡಿಟ್ಟಿದ್ದ ಆಂಟೆನಾ ನೆಟ್ಟಗೆ ತಿರುವಿ ಕೆಳಗಿಳಿದೆ. ಚಿತ್ರ ಕನ್ನಡಿಯಂತೆ ಬಂದಿತ್ತು. ಕಹಿಯಾದರೂ ಅಂಗಡಿಯ ಉಂಡೆ, ಸಾವ್ಕಾರರ ಕಣ್ಣು ಹೋದೀತೆಂದು ಸುಮ್ಮನಿರಲಾಗಲಿಲ್ಲ. ಹೆಂಡತಿಗೆ ಎಲ್ಲ ಹೇಳಿಬಿಟ್ಟೆ.

"ಗೊತ್ತೈತಪ್ಪ," ಅಂದರು ಆಕೆ. "ಬೈದ್ರೂ ಕೇಳ್ಲಿಲ್ಲ, ಅತ್ರೂ ಕೇಳ್ಲಿಲ್ಲ. ಅದಕ್ಕ ಡಬ್ಬ್ಯಾಗಿನ ಅಂಗಡಿ ಉಂಡಿ ತಗದು ಬೆಲ್ಲ ಹಾಕದ ಮೆಂತ್ಯದ ಉಂಡಿ ಇಡಾಕತ್ತೀನಿ. ಚಿತ್ರ ಹೋದ್ರೂ ಧ್ವನಿ ಬರ್ತಿತ್ತು, ಈ ಡಾಕ್ಟ್ರೇ ಹೇಳಿಕೊಟ್ಟದ್ದು."

ಅಷ್ಟರಲ್ಲಿ ಮೇಲಿನಿಂದ ಸಾವ್ಕಾರರ ಕೂಗು. "ಏನೇ, ಚಿತ್ರ ಬಂತೇನು?"

ಆಕೆ ಟಿ.ವಿ.ಯಲ್ಲಿ ನಗುತ್ತಿದ್ದ ಡಾಕ್ಟರನ್ನೇ ನೋಡುತ್ತ ಗಟ್ಟಿಯಾಗಿ ಕೂಗಿದರು. "ಇನ್ನಾ ಬಂದಿಲ್ರೀ!"

ಆಮೇಲೆ ನನ್ನತ್ತ ತಿರುಗಿ ಮೆಲ್ಲಗೆ ಅಂದರು, "ಡಬ್ಬಿ ಖಾಲಿ ಆಗ್ಲಿ, ಬರ್ತೈತಿ."