ಇಪ್ಪತ್ತೇಳನೆಯ ನಟ್ಟು

ಎಂಜಿನ್ನಿನ ತಳ ಮುಚ್ಚಿ, ಕೈ ಒರೆಸಿಕೊಂಡು ತಿರುಗಿದಾಗ ಹೋರೇಸ್ ಗ್ಯಾಡ್ಸ್‌ಬಿಗೆ ಟ್ರೇಯ ಮೂಲೆಯಲ್ಲಿ ಒಂದು ನಟ್ಟು ಕಾಣಿಸಿತು. ಅದು ಅಲ್ಲಿರಬಾರದಿತ್ತು.

ಡರ್ಬಿಯ ಆ ಕಾರ್ಖಾನೆಯಲ್ಲಿ ಲಾರ್ಡುಗಳಿಗೂ ಮಹಾರಾಜರಿಗೂ ಕಾರು ತಯಾರಾಗುತ್ತಿತ್ತು. ಒಂದು ಎಂಜಿನ್ನಿಗೆ ಒಬ್ಬನೇ ಜೋಡಣೆಗಾರ. ಮುಗಿದ ಮೇಲೆ ಅವನ ಹೆಸರಿನ ಎರಡಕ್ಷರವನ್ನು ಅದರ ಮೇಲೆ ಒತ್ತುತ್ತಿದ್ದರು. ಸ್ಟೋರಿನ ಅಮೋಸ್ ಸ್ಪೆಂಡ್‌ಲವ್ ಒಳಭಾಗಕ್ಕೆಂದು ಎಣಿಸಿ ಇಪ್ಪತ್ತಾರು ನಟ್ಟು ಕೊಡುತ್ತಿದ್ದ. ಟ್ರೇಯಲ್ಲಿ ಒಂದು ಉಳಿಯಿತೆಂದರೆ ಒಳಗೊಂದು ಕಡಿಮೆ ಎಂದೇ ಲೆಕ್ಕ. ಆಗ ಎಂಜಿನ್ ಪೂರ್ತಿ ಬಿಚ್ಚಬೇಕು. ಆ ವರ್ಷ ಕಾರು ಕೊಳ್ಳುವವರು ಕಡಿಮೆಯಾಗಿದ್ದರು. ಪ್ರತಿ ಶುಕ್ರವಾರ ಗೇಟಿನ ಬಳಿ ಕೆಲಸ ಹೋದವರ ಪಟ್ಟಿ ಅಂಟಿಸುತ್ತಿದ್ದರು. ಎಂಜಿನ್ ಬಿಚ್ಚಿಸಿದವನ ಹೆಸರು ಅದರಲ್ಲಿ ಮೊದಲು.

ಅಂದು ಗುರುವಾರ.

"ಒಂದು ಉಳೀತಾ?" ಪಕ್ಕದ ಮೇಜಿನ ಸಿಡ್ನಿ ಬೂನ್ ಕತ್ತು ಚಾಚಿದ. ಬೇರೆಯವರ ಟ್ರೇ ನೋಡುವುದರಲ್ಲಿ ಅವನ ಕಣ್ಣು ಹದ್ದಿನದು.

"ಮೆಲ್ಲಗೆ ಮಾತಾಡು ಮಾರಾಯ. ಎಲ್ಲಾ ಬಿಗಿ ಮಾಡಿದ್ದೀನಿ, ನನಗೆ ನೆನಪಿದೆ."

"ನೆನಪು ಬೇರೆ, ನಟ್ಟು ಬೇರೆ. ಇಪ್ಪತ್ನಾಲ್ಕನೇ ಇಸ್ವೀಲಿ ಹೀಗೇ ಒಬ್ಬ ಮರ್ತಿದ್ದ. ಪರೀಕ್ಷೆ ಕೋಣೇಲಿ ಎಂಜಿನ್ ಒಳಗಿನ ರಾಡ್ ಕಿತ್ಕೊಂಡು ಕಿಟಕಿ ಒಡೆದು ಹೋಗಿ ಕ್ಯಾಂಟೀನಿನ ಕಡುಬಿಗೆ ಬಿತ್ತು."

"ಅಯ್ಯೋ."

"ಕಡುಬಿಗೆ ಏನೂ ಆಗ್ಲಿಲ್ಲ. ರಾಡೇ ಬಾಗಿತ್ತು."

ಅಷ್ಟರಲ್ಲಿ ಇನ್ಸ್‌ಪೆಕ್ಟರ್ ಟನಿಕ್ಲಿಫ್ ಸಾಹೇಬರು ಬರುವುದು ಕಾಣಿಸಿತು. ಹೋರೇಸ್ ನಟ್ಟನ್ನು ಎತ್ತಿಕೊಂಡ. ಆದರೆ ಇಡುವುದೆಲ್ಲಿ? ಎಂಜಿನ್ನಿನೊಳಗೆ ಏನಾದರೂ ಉದುರೀತೆಂದು ಜೋಡಣೆಗಾರರ ಮೇಲಂಗಿಗೆ ಜೇಬೇ ಹೊಲಿಸಿರಲಿಲ್ಲ. ಅವನು ಅದನ್ನು ಬಾಯಿಗೆ ಹಾಕಿಕೊಂಡ.

"ಮುಗೀತೇನಯ್ಯಾ?"

ಹೋರೇಸ್ ತಲೆಯಾಡಿಸಿದ.

"ಟ್ರೇ ಖಾಲಿನಾ?"

ಹೋರೇಸ್ ಟ್ರೇಯನ್ನು ಬೋರಲು ಹಿಡಿದು ತೋರಿಸಿದ.

"ಬಾಯಿ ಯಾಕೆ ಹೊಲ್ಕೊಂಡಿದ್ದೀಯ? ಏನಿದೆ ಅದ್ರಲ್ಲಿ?"

ಗಂಟಲಿನ ಗಂಟು ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. ಹೋರೇಸ್ ಬಾಯಿ ತೆರೆದು ತೋರಿಸಿ, ಕಣ್ಣಲ್ಲಿ ನೀರು ತುಂಬಿಕೊಂಡು, "ಏನಿಲ್ಲ ಸಾರ್" ಎಂದ. ಆ ಹೊತ್ತಿಗೆ ಅದು ನಿಜವೇ ಆಗಿತ್ತು.

ಪರೀಕ್ಷೆಯ ಕೋಣೆಯಲ್ಲಿ ಎಂಜಿನ್ನನ್ನು ಕಟ್ಟೆಗೆ ಬಿಗಿದು ಓಡಿಸತೊಡಗಿದರು. ಮೊದಲ ಗಂಟೆಯಿಡೀ ಹೋರೇಸ್, ಹೆರಿಗೆ ಕೋಣೆಯ ಹೊರಗೆ ನಿಂತ ಗಂಡಸಿನಂತೆ, ಬಾಗಿಲ ಬಳಿ ನಿಂತ. ಹಿಂದೆ ಸಿಡ್ನಿ ಪಿಸುಗುಟ್ಟುತ್ತಲೇ ಇದ್ದ: "ಕಿಟಕಿ ನೇರಕ್ಕೆ ನಿಲ್ಬೇಡ." ಎರಡನೆಯ ಗಂಟೆಗೆ ಹೊಟ್ಟೆಯಲ್ಲಿ ಏನೋ ತಿರುಗಿದಂತಾಯಿತು. ಎಂಜಿನ್ನಿನಲ್ಲಿ ಏನೂ ಆಗಲಿಲ್ಲ. ಮೂರನೆಯ ಗಂಟೆಯಲ್ಲಿ ಟನಿಕ್ಲಿಫ್ ಒಂದು ಪೆನ್ನಿ ನಾಣ್ಯವನ್ನು ಓಡುವ ಎಂಜಿನ್ನಿನ ಮೇಲೆ ಅಂಚಿನಲ್ಲಿ ನಿಲ್ಲಿಸಿದರು. ಅದು ಅಲುಗಲಿಲ್ಲ. ಮರದ ಕೋಲಿನ ಒಂದು ತುದಿಯನ್ನು ಎಂಜಿನ್ನಿಗೂ ಇನ್ನೊಂದನ್ನು ಕಿವಿಗೂ ಒತ್ತಿ, ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು.

"ಇಂಥ ಎಂಜಿನ್ ಕೇಳಿ ಎರಡು ವರ್ಷ ಆಯ್ತು ಗ್ಯಾಡ್ಸ್‌ಬಿ," ಎಂದರು. "ಪಟ್ಟಿ ಚಿಂತೆ ಬಿಡು. ನಾಳೆ ನಿನ್ನ ಹೆಸರು ಅದ್ರಲ್ಲಿ ಇರಲ್ಲ."

ಹೋರೇಸ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಹಾಗಾದರೆ ಇಪ್ಪತ್ತಾರೂ ಒಳಗಿವೆ. ಮನೆಗೆ ಹೋಗಿ ಹೆಂಡತಿ ಎಡಿತ್‌ಗೆ ಹೇಳಬಹುದು, ಈ ರಾತ್ರಿ ಅವಳು ನಿದ್ದೆ ಮಾಡಬಹುದು.

ಆಗ ಬಾಗಿಲಲ್ಲಿ ಸ್ಟೋರಿನ ಅಮೋಸ್ ಕಾಣಿಸಿಕೊಂಡ.

"ಹೋರೇಸ್, ತಪ್ಪಾಯ್ತು ಕಣಯ್ಯ. ಬೆಳಿಗ್ಗೆ ಕನ್ನಡಕ ಮನೇಲಿ ಬಿಟ್ಟು ಬಂದಿದ್ದೆ. ನಿನಗೊಂದು ನಟ್ಟು ಹೆಚ್ಚು ಹಾಕ್ಬಿಟ್ಟಿದ್ದೀನಿ, ಇಪ್ಪತ್ತೇಳು. ಅದನ್ನ ವಾಪಸ್ ಕೊಡ್ತೀಯಾ?"

ಟನಿಕ್ಲಿಫ್ ಕಿವಿಯಿಂದ ಕೋಲು ತೆಗೆದರು.

"ಟ್ರೇ ಖಾಲಿ ಇತ್ತಲ್ಲ ಗ್ಯಾಡ್ಸ್‌ಬಿ. ಇಪ್ಪತ್ತೇಳನೇದು ಎಲ್ಲಿ?"

ಸುಳ್ಳು ಹೇಳಲು ಹೋರೇಸ್ ಬಾಯಿ ತೆರೆದ. ಯಾವುದೂ ಹೊಳೆಯಲಿಲ್ಲ.

"ನುಂಗಿಬಿಟ್ಟೆ ಸಾರ್."

ಯಾರೂ ನಗಲಿಲ್ಲ. ನಕ್ಕಿದ್ದರೆ ಬಚಾವಾಗುತ್ತಿದ್ದನೇನೋ.

"ನಾನೂ ಬೇಕಾದಷ್ಟು ನೆಪ ಕೇಳಿದ್ದೀನಪ್ಪ," ಎಂದರು ಟನಿಕ್ಲಿಫ್. "ಒಳಗೆ ಬೀಳಿಸಿದ್ದೀಯ, ಒಪ್ಕೋ."

"ಇಲ್ಲ ಸಾರ್. ಸಿಡ್ನಿ ನೋಡಿದ್ದಾನೆ, ಕೇಳಿ."

ಎಲ್ಲರೂ ಸಿಡ್ನಿಯತ್ತ ತಿರುಗಿದರು. ಇಪ್ಪತ್ತೆರಡು ವರ್ಷ ಪಕ್ಕದ ಟ್ರೇ ಬಿಟ್ಟು ಬೇರೇನನ್ನೂ ನೋಡದ ಸಿಡ್ನಿ ತನ್ನ ಬೂಟು ನೋಡಿಕೊಂಡ.

"ನಾನು ನನ್ನ ಪಾಡಿಗೆ ಕೆಲ್ಸ ಮಾಡ್ತಿದ್ದೆ ಸಾರ್. ಅಕ್ಕಪಕ್ಕ ನೋಡೋ ಅಭ್ಯಾಸ ನನಗಿಲ್ಲ."

ಎಂಜಿನ್ ಬಿಚ್ಚಿದರು. ಇಪ್ಪತ್ತಾರು ನಟ್ಟುಗಳೂ ತಮ್ಮ ತಮ್ಮ ಜಾಗದಲ್ಲಿ ಬಿಗಿಯಾಗಿ ಕುಳಿತಿದ್ದವು. ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿದರು. ಕೊಳವೆಗಳಿಗೆ ತಂತಿ ತೂರಿಸಿದರು. ಟನಿಕ್ಲಿಫ್ ಕೋಟು ಕಳಚಿ, ಎಣ್ಣೆಯಲ್ಲಿ ಮೊಣಕೈವರೆಗೆ ಮುಳುಗಿ ತಡಕಿದರು. ಇಲ್ಲದ ನಟ್ಟು ಸಿಗಲಿಲ್ಲ. ಸಿಗದಷ್ಟೂ ಅವರ ಅನುಮಾನ ಹೆಚ್ಚಿತು.

"ಜೋಡಣೆ ಚೆನ್ನಾಗಿದೆ," ಎಂದರು ಕೊನೆಗೆ, ತೋಳು ಒರೆಸಿಕೊಳ್ಳುತ್ತ. "ಕೆಲ್ಸದಲ್ಲಿ ಒಂದು ತಪ್ಪು ಹುಡುಕೋಕಾಗ್ಲಿಲ್ಲ. ಆದ್ರೆ ನಟ್ಟು ಎಲ್ಲಿದೆ ಅಂತ ಹೇಳೋಕಾಗದವನನ್ನ ಇಟ್ಕೊಳ್ಳೋದು ಹೇಗೆ? ನಾಳೆಯಿಂದ ಬರ್ಬೇಡ. ಬೂನ್, ಇದನ್ನ ನೀನು ಜೋಡ್ಸು. ನಿನ್ನ ಅಕ್ಷರ ಹಾಕ್ಸೋಣ."

"ಆಯ್ತು ಸಾರ್," ಎಂದ ಸಿಡ್ನಿ. ಹೋರೇಸನ ಭುಜ ತಟ್ಟಿ ಮೆಲ್ಲಗೆ, "ಬೇಜಾರು ಮಾಡ್ಕೋಬೇಡ ಮಾರಾಯ. ನಂಗೂ ಮೂರು ಮಕ್ಕಳು," ಎಂದ.

ಗೇಟಿನಲ್ಲಿ ಕಾವಲುಗಾರ ಮುದುಕ ಎಂದಿನಂತೆ ಹೋರೇಸನ ಊಟದ ಡಬ್ಬಿ ತೆರೆದು ನೋಡಿದ, ಚೀಲ ತಿರುವಿದ, ಕೋಟಿನ ಜೇಬುಗಳನ್ನು ಮುಟ್ಟಿದ. ಆಮೇಲೆ ಎಂದಿನ ಪ್ರಶ್ನೆ ಕೇಳಿದ:

"ಕಂಪನಿದು ಏನೂ ತಗೊಂಡು ಹೋಗ್ತಿಲ್ಲ ತಾನೆ?"

ಹೋರೇಸ್ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಇಲ್ಲ" ಎಂದ.

"ನೀನು ಹೇಳಿದ ಮೇಲೆ ಮುಗೀತು ಬಿಡು," ಎಂದು ಮುದುಕ ದಾರಿ ಬಿಟ್ಟ.

ಆ ದಿನ ಹೋರೇಸ್ ಹೇಳಿದ ಒಂದೇ ಒಂದು ಸುಳ್ಳು ಅದು. ಯಾರಾದರೂ ನಂಬಿದ್ದೂ ಅದೊಂದನ್ನೇ.