ಹಾಸಿಗೆಯಿಂದಲೇ ಹಾಜರಿ

ನಾನು ನಾಗಪುರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಲಾಕ್‌ಡೌನಿನಲ್ಲಿ ಪಾಠವೆಲ್ಲ ಮೊಬೈಲಿಗೆ ಬಂದಾಗ ಬೆಳಗಿನ ಎಂಟರ ಕ್ಲಾಸು ನನ್ನ ಪಾಲಿಗೆ ಬಿತ್ತು. ನಿದ್ದೆ ಮಾಡುವವರಿಗೆ ಪಾಠ ಹೇಳುವುದು ನನಗೇನೂ ಹೊಸದಲ್ಲ; ಅವರು ಹಾಸಿಗೆ ಸಮೇತ ಕ್ಲಾಸಿಗೆ ಬಂದದ್ದು ಮಾತ್ರ ಅದೇ ಮೊದಲು. ಹೀಗಾಗಿ ದಿನಕ್ಕೊಂದು ತಮಾಷೆ ತಪ್ಪುತ್ತಿರಲಿಲ್ಲ.

ದನಿ ಬದಲಾದ ಹುಡುಗ

ಹಾಜರಿ ಕರೆಯುವಾಗ ಕಾಮಠಿಯ ಹುಡುಗನೊಬ್ಬನ ಹೆಸರು ಬಂತು. "ಪ್ರೆಸೆಂಟ್, ಮ್ಯಾಡಂ" ಎಂದಿತು ಒಂದು ಹೆಣ್ಣು ದನಿ.

"ಯಾರು ಮಾತಾಡ್ತಿರೋದು?"

"ಅವನ ತಾಯಿ. ಎಬ್ಬಿಸಿ ಎಬ್ಬಿಸಿ ಸಾಕಾಯ್ತು. ನೀವು ಪಾಠ ಮಾಡಿ, ನಾನು ಬರ್ಕೊಳ್ತೀನಿ."

ಬೇಡವೆನ್ನಲು ಮನಸ್ಸಾಗಲಿಲ್ಲ. ಆ ತಾಯಿ ಒಂದು ವಾರ ಬಿಡದೆ ಬಂದರು. ಆ ಸೆಮಿಸ್ಟರಿನಲ್ಲಿ ನನ್ನನ್ನು ಡೌಟ್ ಕೇಳಿದ್ದು ಅವರೊಬ್ಬರೇ.

ಕರೆಂಟಿನ ನೆಪ

ಕೋರಾಡಿಯ ಒಬ್ಬ ಹುಡುಗಿ ಮೌಖಿಕ ಪರೀಕ್ಷೆ ತಪ್ಪಿಸಿದಳು. ಫೋನ್ ಮಾಡಿದೆ.

"ಬೆಳಗ್ಗೆಯಿಂದ ಕರೆಂಟೇ ಇರಲಿಲ್ಲ ಮ್ಯಾಡಂ" ಎಂದಳು, ಅಳುವ ದನಿಯಲ್ಲಿ.

ಪಾಪ ಅನ್ನಿಸಿತು. ನಾಳೆ ಇನ್ನೊಮ್ಮೆ ತಗೊಳ್ತೀನಿ ಅನ್ನುವಷ್ಟರಲ್ಲಿ ಫೋನು ಅವಳ ಅಪ್ಪನ ಕೈಗೆ ಹೋಯಿತು. ಅವರು ಅಲ್ಲಿನ ವಿದ್ಯುತ್ ಸ್ಥಾವರದ ನೌಕರರು.

"ಕರೆಂಟ್ ಬರೋಬರ್ ಇತ್ತು ಮ್ಯಾಡಂ. ಡ್ಯೂಟಿಯಲ್ಲಿ ನಾನೇ ಇದ್ದೆ. ಇಲ್ಲದೇ ಇದ್ದದ್ದು ಇವಳಿಗೆ ಎಚ್ಚರ."

ಪ್ರೇರಣೆಯ ಭಾಷಣ

ಬರಬರುತ್ತಾ ಅರವತ್ತು ಮಂದಿಯಲ್ಲಿ ಹನ್ನೆರಡು ಜನ ಉಳಿದರು. ಮಕ್ಕಳಿಗೆ ಓದುವ ಉತ್ಸಾಹವೇ ಹೋಗಿದೆ ಎಂದು ಪ್ರಾಂಶುಪಾಲರಿಗೆ ಚಿಂತೆ. ಇಡೀ ಕಾಲೇಜಿಗೆ ಒಂದು ಆನ್‌ಲೈನ್ ಭಾಷಣ ಮಾಡಿ ಎಂದು ನನಗೇ ಒಪ್ಪಿಸಿದರು. ಧಾರವಾಡದವಳು ನಾನು, ಮಾತಿಗೆ ಹೆದರುವವಳಲ್ಲ.

"ನೀ ಮಾತಾಡು, ನಾ ಹಿಂದ ಕೂತು ಕೇಳ್ತೀನಿ" ಎಂದು ನನ್ನ ಗಂಡನೂ ಕುರ್ಚಿ ಎಳೆದುಕೊಂಡರು.

ನಾನು ಜೋರಾಗಿಯೇ ಶುರು ಮಾಡಿದೆ. "ಶಿಸ್ತು ಅಂದ್ರೆ ಏನು? ನಮ್ಮ ಮನೆಯವರನ್ನೇ ನೋಡಿ. ಇಪ್ಪತ್ತು ವರ್ಷದಿಂದ ಬೆಳಗ್ಗೆ ಐದಕ್ಕೇ ಏಳ್ತಾರೆ."

ಅಷ್ಟರಲ್ಲಿ ಗೊರಕೆ ಕೇಳಿಸಿತು. ನನಗೆ ಸಿಟ್ಟು ಬಂತು. "ಯಾರದು? ಎಲ್ಲರೂ ಮೈಕ್ ಆಫ್ ಮಾಡಿ."

ಎಲ್ಲರೂ ಆಫ್ ಮಾಡಿದರು. ಗೊರಕೆ ನಿಲ್ಲಲಿಲ್ಲ.

ಒಬ್ಬ ಹುಡುಗ ಮೈಕ್ ಆನ್ ಮಾಡಿ ಬಹಳ ವಿನಯದಿಂದ ಹೇಳಿದ: "ಮ್ಯಾಡಂ, ಸ್ವಲ್ಪ ಹಿಂದೆ ತಿರುಗಿ ನೋಡಿ."

ಮರುದಿನ ಎಂಟರ ಕ್ಲಾಸಿಗೆ ಐವತ್ತೆಂಟು ಜನ ಬಂದರು. ನನ್ನ ಭಾಷಣ ನಾಟಿತು ಎಂದು ಹಿಗ್ಗಿ ಪುಸ್ತಕ ತೆರೆದೆ. ಮೊದಲ ಪ್ರಶ್ನೆಯೂ ತಕ್ಷಣ ಬಂತು.

"ಮ್ಯಾಡಂ, ಸರ್ ಎದ್ದರಾ?"