ತ್ರ್ಯಂಬಕದ ಅಡಿಟಿಪ್ಪಣಿ

ಇತಿಹಾಸ ಬರೆಯುವ ನಾವು ಅಡಿಟಿಪ್ಪಣಿಯಲ್ಲಿ ಹೆಸರಿಸುವ ಮೂಲಗಳನ್ನೆಲ್ಲ ಕಣ್ಣಾರೆ ಕಂಡಿರುತ್ತೇವೆಂದು ನೀವು ನಂಬಿದ್ದರೆ, ದಯವಿಟ್ಟು ಹಾಗೆಯೇ ನಂಬಿಕೊಂಡಿರಿ. ನಮ್ಮ ಹೊಟ್ಟೆಪಾಡು ನಡೆಯಲಿ. ಭಾಲ್ಕಿಯಿಂದ ನಾಸಿಕಕ್ಕೆ ಬಂದು ಬಟ್ಟೆ ವ್ಯಾಪಾರ ಮಾಡಿದ ಸಕ್ರೆಪ್ಪ ಎಂಬವರ ವಂಶ ಅವರ ಮಗ ರಾಚಪ್ಪನಿಗೇ ಮುಗಿಯಿತೆಂದು ನಾನು ಎರಡು ವರ್ಷ ಕೂತು ಲೇಖನ ಬರೆದೆ. ಆಧಾರ, ತ್ರ್ಯಂಬಕೇಶ್ವರದ ಪುರೋಹಿತರು ಬಂದ ಯಾತ್ರಿಕರ ಮನೆತನಗಳನ್ನು ಬರೆದಿಡುವ ವಂಶಾವಳಿ ಪುಸ್ತಕ. ಅದನ್ನು ನೋಡಿದವರು ಯಾರೋ ಹಿರಿಯರು. ನಾನು ನೋಡಿದ್ದು ಆ ಹಿರಿಯರ ಅಡಿಟಿಪ್ಪಣಿ. "ಪುಟದ ಫೋಟೋ ಇಲ್ಲದೆ ಅಚ್ಚು ಹಾಕುವುದಿಲ್ಲ" ಎಂದರು ಪತ್ರಿಕೆಯ ಸಂಪಾದಕರು. ಲೇಖನ ಅಚ್ಚಾಗದಿದ್ದರೆ ಕಾಲೇಜಿನಲ್ಲಿ ನನ್ನ ಬಡ್ತಿಗೂ ಎಳ್ಳುನೀರು.

ಸಂಭಾಜಿನಗರದಿಂದ ಹೊರಟಾಗ ಹೆಂಡತಿ, "ಮನ್ಯಾಗಿನ ಗ್ಯಾಸಿನ ಪುಸ್ತಕ ಹುಡುಕಿಕೊಡ್ರಿ ಅಂದ್ರ ಆಗಲ್ಲ, ಮಂದಿ ಮುತ್ಯಾನ್ನ ಹುಡಕಾಕ ಹೊಂಟೀರಿ" ಎಂದಳು. ಕೇಳಿಸದವನಂತೆ ಬಸ್ ಹತ್ತಿದೆ. ನಾಸಿಕದಲ್ಲಿ ಗಂಟಲವರೆಗೆ ಮಿಸಳ್ ತಿಂದು, ಜೀಪಿನಲ್ಲಿ ಹತ್ತು ಜನರ ನಡುವೆ ಸಿಕ್ಕಿಕೊಂಡು ತ್ರ್ಯಂಬಕ ಮುಟ್ಟಿದೆ.

ವಯಸ್ಸಾದ ಪುರೋಹಿತರು. ನಮ್ಮ ಕಡೆಯಿಂದ ಪೂಜೆ ಮಾಡಿಸಲು ಬರುವವರ ಸಹವಾಸದಿಂದ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಸಕ್ರೆಪ್ಪನವರ ಪುಟ ಬೇಕು, ಸಂಶೋಧನೆಗೆ ಎಂದೆ.

"ಒಬ್ಬರ ಮನಿತನದ ಪುಸ್ತಕ ಇನ್ನೊಬ್ಬರಿಗೆ ತೋರ್ಸಂಗಿಲ್ರಿ. ಆ ಮನಿಯವರೇ ಬರಬೇಕು."

ಎರಡು ವರ್ಷದ ದುಡಿಮೆ ಕಣ್ಣೆದುರಿಗೆ ನೀರಾಗುತ್ತಿತ್ತು. ಬಾಯಿ ತಾನಾಗಿಯೇ ಹೇಳಿತು: "ನಾ ಅವರ ಮರಿಮಗಾನೇ ಇದ್ದೀನ್ರಿ."

ಅವರ ಮುಖ ಅರಳಿತು. "ಎಷ್ಟು ವರ್ಷ ಆತ್ರಿ, ಈ ಮನಿಯವರು ಒಬ್ಬರೂ ಬಂದಿಲ್ಲ. ಮೊದಲ ತರ್ಪಣಕ್ಕ ಕುಂದರ್ರಿ. ಉಪವಾಸ ಇದ್ದೀರಿಲ್ಲೊ?"

ಮಿಸಳನ್ನು ಒಳಕ್ಕೆ ತಳ್ಳಿ ತಲೆಯಾಡಿಸಿದೆ. ಗುರುತಿಲ್ಲದ ಸಕ್ರೆಪ್ಪನವರಿಗೆ ನೀರು ಬಿಡುವಾಗ ನಿಜಕ್ಕೂ ನಾಚಿಕೆಯಾಯಿತು. ಆದರೆ ಪುಟ ತೆರೆದಾಗ ನಾಚಿಕೆ ಎಲ್ಲಿ ಹೋಯಿತೋ. ರಾಚಪ್ಪನ ಕೆಳಗೆ ಏನೂ ಇಲ್ಲ, ಬರೀ ಖಾಲಿ ಕಾಗದ. ನಾನು ಬರೆದದ್ದೇ ಸರಿ! ಮೊಬೈಲ್ ತೆಗೆದೆ.

"ಮೊದಲ ಸಹಿ, ಆಮ್ಯಾಲ ಫೋಟೋ" ಎಂದು ಪೆನ್ನು ಕೊಟ್ಟರು. ಬಂದ ಮನೆಯವರು ತಮ್ಮ ಕೈಯಾರೆ ಹೆಸರು ಬರೆಯುವುದು ಅಲ್ಲಿನ ಪದ್ಧತಿ. ಪಕ್ಕದಲ್ಲೇ ಕೂತು, ರಾಚಪ್ಪನ ಹೆಸರಿಗೆ ತಾಗಿಸಿಯೇ ಬರೆಸಿದರು: ತೀರಿಕೊಂಡ ನನ್ನ ಅಪ್ಪ, ನಾನು, ಹೆಂಡತಿ, ಇಬ್ಬರು ಮಕ್ಕಳು. ನನ್ನ ಅಪ್ಪನಿಗೆ ಸತ್ತ ಮೇಲೆ ಹೊಸ ಅಪ್ಪ ಸಿಕ್ಕ.

ಫೋಟೋ ನೋಡಿದ ಹೆಂಡತಿ, "ನನ್ನೂ ಕೊಟ್ಟುಬಿಟ್ರೇನ್ರಿ ಆ ಮನಿಗಿ?" ಎಂದವಳು ಎರಡು ದಿನದಿಂದ ಮಾತಾಡಿಲ್ಲ. ಸಂಪಾದಕರು ಫೋನ್ ಮಾಡುತ್ತಲೇ ಇದ್ದಾರೆ, ನಾನು ಎತ್ತುತ್ತಿಲ್ಲ. ಎತ್ತಿ ಏನು ಹೇಳಲಿ? ಸಕ್ರೆಪ್ಪನವರ ವಂಶ ಇನ್ನೂ ಬದುಕಿದೆ ಎನ್ನುವುದಕ್ಕೆ ಗಟ್ಟಿ ದಾಖಲೆ ಸಿಕ್ಕಿದೆ, ಅದೂ ನನ್ನದೇ ಅಕ್ಷರದಲ್ಲಿ.